ಮಹದಾಯಿ ಕಡಲು ಸೇರುವಲ್ಲಿ ಒಂದು ದೀಪ

ಆತ್ಮೀಯ ಓದುಗರೇ,

ಈ ಸಂಚಿಕೆಯ ಮುಖಪುಟಕ್ಕೆ ಗೋವಾದ ಅಗ್ವಾದಾ ಕೋಟೆಯ ಹಳೆಯ ಲೈಟ್‌ಹೌಸಿನ ಚಿತ್ರ ಆರಿಸಿದಾಗ ನಮ್ಮ ಬಳಗದಲ್ಲೇ ಪ್ರಶ್ನೆ ಎದ್ದಿತು: ರಾಜ್ಯೋತ್ಸವದ ಸಂಚಿಕೆಗೆ ಪಕ್ಕದ ರಾಜ್ಯದ ದೀಪಸ್ತಂಭ ಯಾಕೆ? ನಾನು ಬೆಳಗಾವಿ ಜಿಲ್ಲೆಯವನು. ನನ್ನ ಉತ್ತರ ಖಾನಾಪುರ ತಾಲೂಕಿನ ಕಾಡಿನಿಂದ ಶುರುವಾಗುತ್ತದೆ.

ಭೀಮಗಡದ ಆ ಕಾಡಿನಲ್ಲಿ ಒರತೆಗಳಾಗಿ ಹುಟ್ಟುವ ಮಹದಾಯಿ ಘಟ್ಟ ಇಳಿದು, ಗೋವಾದವರ ಮಾಂಡೋವಿಯಾಗಿ, ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಒಟ್ಟು ಎಂಬತ್ತು ಕಿಲೋಮೀಟರ್ ಆಸುಪಾಸಿನ ಹರಿವು. ಆ ಅಳಿವೆಯ ಉತ್ತರ ದಂಡೆಯ ಗುಡ್ಡದ ಮೇಲೆ ಅಗ್ವಾದಾ ಇದೆ. ಮಹದಾಯಿ ಎಂದೊಡನೆ ನಮಗೆ ಕಳಸಾ-ಬಂಡೂರಿ ಮತ್ತು ನ್ಯಾಯಮಂಡಳಿಯ 2018ರ ತೀರ್ಪು ನೆನಪಾಗುತ್ತವೆ. ಆ ವಾದ ಇಲ್ಲಿ ಬೇಡ. ನಮ್ಮ ನೆಲದಲ್ಲಿ ಹುಟ್ಟಿದ ನದಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಿರಬೇಕು ಎಂಬುದು ನನ್ನ ಆಸೆ.

ಗೋವಾ 1510ರವರೆಗೆ ವಿಜಯಪುರದ ಆದಿಲಶಾಹಿಗಳ ಬಂದರು. ಪೋರ್ಚುಗೀಸರು ಅದನ್ನು ಕಿತ್ತುಕೊಂಡು, ನೂರು ವರ್ಷದ ಮೇಲೆ, ಡಚ್ಚರ ಹಡಗುಗಳ ಭಯಕ್ಕೆ ಈ ಕೋಟೆ ಕಟ್ಟಿದರು, 1612ರಲ್ಲಿ ಮುಗಿಯಿತು. ಕೋಟೆಯೊಳಗೆ 23 ಲಕ್ಷ ಗ್ಯಾಲನ್‌ಗೂ ಹೆಚ್ಚು ಸಿಹಿನೀರು ಹಿಡಿಯುವ ತೊಟ್ಟಿ ಇದೆ. ತಿಂಗಳುಗಟ್ಟಲೆ ಉಪ್ಪುನೀರಿನ ಮೇಲೆ ಬಂದ ಹಡಗುಗಳು ಇಲ್ಲಿ ಕುಡಿಯುವ ನೀರು ತುಂಬಿಸಿಕೊಳ್ಳುತ್ತಿದ್ದವು.

ದೀಪಸ್ತಂಭ ಬಂದದ್ದು ಬಹಳ ತಡವಾಗಿ, 1864ರಲ್ಲಿ. ದುಂಡು ಗೋಡೆ, ನಾಲ್ಕು ಅಂತಸ್ತು, ಎತ್ತರ ಬರೀ 13 ಮೀಟರ್. 1901ರಲ್ಲಿ ಕಟ್ಟಿದ ನಮ್ಮ ಕಾಪು ಲೈಟ್‌ಹೌಸ್ ಸುಮಾರು 27 ಮೀಟರ್, ಇದರ ಎರಡರಷ್ಟು. ಕಾಪುವಿನದು ಕಡಲಂಚಿನ ಬಂಡೆಯ ಮೇಲಿದೆ, ಹಾಗಾಗಿ ಕಟ್ಟಡವೇ ಎತ್ತರವಾಗಬೇಕಾಯಿತು. ಅಗ್ವಾದಾದಲ್ಲಿ ಆ ಕೆಲಸವನ್ನು ಗುಡ್ಡ ಮಾಡುತ್ತದೆ. ಭೂಮಿ ದುಂಡಗಿದೆಯಲ್ಲ, ನೀರಿಗೆ ಹತ್ತಿರವಿರುವ ದೀಪ ಬೇಗ ದಿಗಂತದಾಚೆ ಮುಳುಗುತ್ತದೆ. ಸಮುದ್ರಮಟ್ಟದಿಂದ 25 ಮೀಟರ್ ಮೇಲೆ ನಿಂತವರಿಗೆ ದಿಗಂತ ಸುಮಾರು 18 ಕಿಲೋಮೀಟರ್ ದೂರ. 100 ಮೀಟರ್ ಮೇಲೆ ನಿಂತರೆ 36. ಎತ್ತರ ನಾಲ್ಕು ಪಟ್ಟಾದರೂ ದೂರ ಎರಡೇ ಪಟ್ಟು. ಹೈಸ್ಕೂಲಿನ ಮಕ್ಕಳು ಪೈಥಾಗೊರಸ್ ಪ್ರಮೇಯದಿಂದ ಇದನ್ನು ತಾವೇ ಲೆಕ್ಕ ಹಾಕಿ ನೋಡಲಿ, ಖುಷಿಯಾಗುತ್ತದೆ.

ಕತ್ತಲಲ್ಲಿ ಕಂಡ ಬೆಳಕು ಯಾವ ಊರಿನದು ಎಂದು ನಾವಿಕನಿಗೆ ತಿಳಿಯುವ ಬಗೆಯೂ ಸೊಗಸಾದದ್ದು. ಪ್ರತಿ ದೀಪಕ್ಕೂ ಅದರದೇ ಲಯ ಕೊಟ್ಟಿರುತ್ತಾರೆ: ಇಷ್ಟು ಸೆಕೆಂಡಿಗೆ ಇಷ್ಟು ಮಿನುಗು. ನಾವಿಕ ಎಣಿಸುತ್ತಾನೆ, ಪುಸ್ತಕದ ಪಟ್ಟಿಯೊಂದಿಗೆ ಹೋಲಿಸುತ್ತಾನೆ, ತಾನೆಲ್ಲಿದ್ದೇನೆಂದು ತಿಳಿಯುತ್ತಾನೆ. ಹಳೇ ಗೋವಾದ ಅಗಸ್ಟೀನಿಯನ್ ಮಠದ ದೊಡ್ಡ ಗಂಟೆಯೂ ಕೆಲಕಾಲ ಅಗ್ವಾದಾದ ಈ ಗೋಪುರದಲ್ಲಿತ್ತು. 1871ರಲ್ಲಿ ಅದನ್ನು ಪಣಜಿಯ ಚರ್ಚಿಗೆ ಒಯ್ದರು. 1976ರಲ್ಲಿ ಪಕ್ಕದಲ್ಲೇ ಹೊಸ ಲೈಟ್‌ಹೌಸ್ ಬಂದ ಮೇಲೆ ಹಳೆಯದಕ್ಕೆ ಬಿಡುವು.

ಆದರೆ ನನ್ನನ್ನು ಹೆಚ್ಚು ಕಾಡುವುದು ಗುಡ್ಡದ ಬುಡದಲ್ಲಿರುವ ಜೈಲು. ಪೋರ್ಚುಗಲ್‌ನ ಸರ್ವಾಧಿಕಾರಿ ಸಾಲಜಾರ್ ಆಳ್ವಿಕೆಯಲ್ಲಿ ಗೋವಾ ವಿಮೋಚನೆಗೆ ಹೋರಾಡಿದವರನ್ನು ಅಲ್ಲಿ ಕೂಡಿಹಾಕಿದ್ದರು. ಮೇಲೆ ದೂರದ ಹಡಗುಗಳಿಗೆ ದಾರಿ ತೋರುವ ಬೆಳಕು, ಕೆಳಗೆ ತಮ್ಮದೇ ನೆಲದಲ್ಲಿ ಸೆರೆಯಾದ ಜನ. ಆ ಹೋರಾಟಗಾರರು ಗಡಿ ದಾಟಿ ಬಂದು ನೆಲೆ ಕಂಡ ಊರುಗಳಲ್ಲಿ ಬೆಳಗಾವಿ ಮುಖ್ಯವಾದದ್ದು. 1961ರ ಡಿಸೆಂಬರ್‌ನಲ್ಲಿ ಗೋವಾಕ್ಕೆ ಇಳಿದ ಭಾರತೀಯ ಸೇನೆ ಸಜ್ಜಾದದ್ದೂ ಬೆಳಗಾವಿಯಲ್ಲೇ. 19ರಂದು ಗೋವಾ ಬಿಡುಗಡೆಯಾಯಿತು. ಆ ಜೈಲು ಈಗ ವಸ್ತುಸಂಗ್ರಹಾಲಯ. ಬೆಳಗಾವಿಯವರು ಅದನ್ನು ನೋಡದೆ ಬರೀ ಬೀಚಿಗೆ ಹೋಗಿ ಬಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಡಿಸೆಂಬರ್ ರಜೆಗೆ ಗೋವಾದಲ್ಲಿ ವಿಮಾನ ಇಳಿದು ಊರಿಗೆ ಹೋಗುವ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಚೋರ್ಲಾ ಘಾಟ್ ಹತ್ತುವ ಮೊದಲು ಅರ್ಧ ದಿನ ಅಗ್ವಾದಾಕ್ಕೆ ಇಡಿ. ಊರು ಮುಟ್ಟಿದ ಮೇಲೆ ಖಾನಾಪುರದ ಕಡೆಗೂ ಒಮ್ಮೆ ಹೋಗಿ ಬನ್ನಿ. ಭೀಮಗಡ ವನ್ಯಜೀವಿ ಧಾಮ, ಆದ್ದರಿಂದ ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಿಕೊಳ್ಳಿ. ನದಿಯ ಎರಡೂ ತುದಿಗಳನ್ನು ನೋಡಿದ ಮಕ್ಕಳು ಬರೆದು ಕಳಿಸಿದರೆ ಯುಗಾದಿ ಸಂಚಿಕೆಯ ಮಕ್ಕಳ ಪುಟ ಅವರಿಗೇ ಮೀಸಲು.