ಗುರಿಯ ಅರ್ಧ ಕೆಲಸ ತಕ್ಕಡಿಯಲ್ಲೇ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆದ ಸುದ್ದಿ ಓದಿ ಖುಷಿಯಾಯಿತು. ಆದರೆ ಗುರಿ ಅಂದರೆ ಬರೀ ಕಣ್ಣು, ಕೈ ಅನ್ನುವ ಹಾಗೆ ಬರೆದಿದ್ದೀರಿ. ತೋಟಾದ, ಅಂದರೆ ಮದ್ದು, ಗುಂಡು ತುಂಬಿದ ಕಾಡತೂಸಿನ ಪಾಲೂ ಇದೆ ಅಲ್ವಾ?

ನಾನು ವಿರಾಜಪೇಟೆ ಕಡೆಯವನು. 12 ವರ್ಷದಿಂದ ಅಮೆರಿಕದ ಒಹಾಯೊದಲ್ಲಿದ್ದೇನೆ. ಇಲ್ಲಿ ಈರಿ ಸರೋವರದ ದಡದಲ್ಲಿರುವ ಕ್ಯಾಂಪ್ ಪೆರಿಯಲ್ಲಿ 1907ರಲ್ಲೇ ರಾಷ್ಟ್ರೀಯ ರೈಫಲ್ ಸ್ಪರ್ಧೆ ಶುರುವಾಯಿತು. ಅದರ ದೂರದ ಗುರಿಯ ಪಂದ್ಯಗಳಲ್ಲಿ 1000 ಗಜ, ಅಂದರೆ 914 ಮೀಟರ್‌ನಿಂದ ಹೊಡೆಯಬೇಕು. ಹತ್ತು ಅಂಕದ ವೃತ್ತ 20 ಇಂಚು ಅಗಲ. ಅಷ್ಟು ದೂರದಲ್ಲಿ ಗುಂಡಿನ ವೇಗ ಸ್ವಲ್ಪ ಏರುಪೇರಾದರೂ ಪೆಟ್ಟು ಮೇಲೆ ಕೆಳಗೆ ಬೀಳುತ್ತದೆ. ಆ ವೇಗ ಒಂದೇ ಸಮ ಇರಲಿ ಅಂತ ಬಹಳ ಜನ ತಾವೇ ಮದ್ದು ತೂಗಿ ತೋಟಾ ತುಂಬುತ್ತಾರೆ.

ನಾನೂ ತುಂಬುತ್ತೇನೆ. ಮದ್ದಿನ ತೂಕ 0.1 ಗ್ರೇನ್‌ವರೆಗೆ ನೋಡಬೇಕು. ಅದು ಸುಮಾರು 6.5 ಮಿಲಿಗ್ರಾಂ, ಒಂದು ಅಕ್ಕಿಕಾಳಿಗಿಂತ ಎಷ್ಟೋ ಕಡಿಮೆ. ಒಂದು ಬೇಸಿಗೆಯಲ್ಲಿ ನನ್ನ ಗುಂಡುಗಳು ಸುಮ್ನೆ ಮೇಲೆ ಕೆಳಗೆ ಹೋಗುತ್ತಿದ್ದವು. ಬಂದೂಕು ಬಿಚ್ಚಿ ನೋಡಿದೆ, ದುರ್ಬೀನು ಬದಲಿಸಿದೆ. ಕೊನೆಗೆ ಒಂದು ರಾತ್ರಿ ತಕ್ಕಡಿಯ ಮುಳ್ಳು ಮೆಲ್ಲಗೆ ಅಲ್ಲಾಡುವುದು ಕಂಡಿತು. ತಲೆಯ ಮೇಲಿನ ಫ್ಯಾನ್ ಗಾಳಿ! ಫ್ಯಾನ್ ನಿಲ್ಲಿಸಿ ತೂಗಿದ ಮೇಲೆ ಗುಂಡುಗಳು ಒಂದೇ ಕಡೆ ಒತ್ತೊತ್ತಾಗಿ ಬಿದ್ದವು.

ನಮ್ಮೂರಿನಲ್ಲಿ .22 ಅನ್ನುವ ಸಣ್ಣ ತೋಟಾದ ರೈಫಲ್ ಹಿಡಿಯುವ ಮಕ್ಕಳು ತೋಟಾ ತುಂಬಬೇಕಿಲ್ಲ, ಆ ತೋಟಾ ಮತ್ತೆ ತುಂಬುವಂಥದ್ದೂ ಅಲ್ಲ. ಆದರೆ ಪೆಟ್ಟಿಗೆಯ ಮೇಲಿನ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ತೋಟಾಗಳ ಕಂತಿನ ನಂಬರ್, ಬರೆದಿಡಲಿ. ಒಂದೇ ಕಂಪನಿಯದ್ದಾದರೂ ಒಂದು ಲಾಟ್ ಆ ಬಂದೂಕಿಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಮುಂದಿನ ವರ್ಷ ಇದರ ಬಗ್ಗೆಯೂ ದಯವಿಟ್ಟು ನಾಲ್ಕು ಸಾಲು ಬರೆಯಿರಿ.

– ಕೊಡಗಿನ ಓದುಗ, ಒಹಾಯೊ