ಚೆನ್ನಾಗಿತ್ತು ಅಂದರೆ ಸಾಲದು

ಹೊರನಾಡಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಹಾಡಿಗೆ ಬರ ಇಲ್ಲ. ಕೇಳುವವರಿಗೇ ಬರ. ರಾಜ್ಯೋತ್ಸವದ ದಿನ ಊಟದ ಸಾಲು ಶುರುವಾಗುತ್ತಿದ್ದಂತೆ ಯಾರೋ ಒಬ್ಬರು ಸ್ಪೀಕರಿನಲ್ಲಿ ಭಾವಗೀತೆ ಹಾಕುತ್ತಾರೆ. ಬಿಸಿಬೇಳೆಬಾತಿಗೆ ಬೂಂದಿ ಜಾಸ್ತಿ ಹಾಕಿ ಅನ್ನುವ ಗಲಾಟೆಯ ನಡುವೆ ಬೇಂದ್ರೆ ಬಂದು ಹೋಗುತ್ತಾರೆ, ಕೆ.ಎಸ್.ನ. ಬಂದು ಹೋಗುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ವೇದಿಕೆ ಮೇಲೆ ಯಾರಾದರೂ ಹಾಡಿದರೆ ಚಪ್ಪಾಳೆ ತಟ್ಟಿ, "ಸೂಪರ್ ಆಗಿತ್ತು ರೀ" ಅಂದು ಕಾರ್ ಪಾರ್ಕಿಂಗ್ ಕಡೆ ನಡೆಯುತ್ತೇವೆ. ಇದನ್ನು ಬರೆದಿದ್ದಕ್ಕೆ ಸಾಂಸ್ಕೃತಿಕ ಸಮಿತಿಯವರು ಬೇಜಾರು ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ.

ಈ ಸಲ ಬೆಂಗಳೂರಿಗೆ ಹೋದಾಗ ಅತ್ತಿಗೆ ನನ್ನನ್ನು ಜಯನಗರದಲ್ಲಿರುವ ತಮ್ಮ ಗೆಳತಿಯ ಮನೆಗೆ ಕರೆದುಕೊಂಡು ಹೋದರು. ತಿಂಗಳಿಗೊಂದು ಭಾನುವಾರ ಅಲ್ಲಿ ಹತ್ತು ಹದಿನೈದು ಜನ ಸೇರಿ ಒಂದೇ ಒಂದು ಆಲ್ಬಂ ಕೇಳುತ್ತಾರೆ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಇರುವ ಕ್ರಮದಲ್ಲೇ. ಫೋನ್‌ಗಳೆಲ್ಲ ಬಾಗಿಲ ಹತ್ತಿರದ ಬುಟ್ಟಿಗೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಮನೆಯಲ್ಲೇ ಕರ್ನಾಟಕ ಸಂಗೀತದ ಪಾಠ ಹೇಳುವ ಒಬ್ಬ ಮೇಷ್ಟ್ರಮ್ಮ, ಇಂಜಿನಿಯರಿಂಗ್ ಓದುವ ಹುಡುಗರು, ಒಂದಿಬ್ಬರು ಐಟಿಯವರು. ಬ್ಯಾನರ್ ಇಲ್ಲ, ಅಧ್ಯಕ್ಷರಿಲ್ಲ, ಸ್ವಾಗತ ಭಾಷಣ ಇಲ್ಲ. (ಇದನ್ನೂ ಸಮಿತಿಯವರು ಗಮನಿಸಬೇಕು.)

ಅಲ್ಲಿ ನನಗೆ ತುಂಬ ಹಿಡಿಸಿದ್ದು ಚೀಟಿಯ ಪದ್ಧತಿ. ಆಲ್ಬಂ ಮುಗಿದ ಕೂಡಲೇ ಯಾರೂ ಮಾತಾಡುವಂತಿಲ್ಲ. ಎಲ್ಲರೂ ಒಂದು ಚೀಟಿಯಲ್ಲಿ ಎರಡು ಮೂರು ಸಾಲು ಬರೆಯಬೇಕು. ಆಮೇಲೆ ಕಾಫಿ, ಕೋಡುಬಳೆ. ಆಮೇಲೆ ಒಬ್ಬೊಬ್ಬರೇ ತಮ್ಮ ಚೀಟಿ ಓದಬೇಕು, ಬರೆದದ್ದನ್ನು ತಿದ್ದುವಂತಿಲ್ಲ. ಇಷ್ಟೇ. ಆದರೆ ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ನಮ್ಮಲ್ಲಿ ದೊಡ್ಡವರು ಮೊದಲು ಬಾಯಿ ಬಿಟ್ಟರೆ ಚಿಕ್ಕವರು ಹೂಂಗುಟ್ಟುತ್ತಾರೆ. ಸಂಗೀತ ಕಲಿತವರು ಬಾಯಿ ಬಿಟ್ಟರೆ ಕಲಿಯದವರು ತೆಪ್ಪಗಾಗುತ್ತಾರೆ. ಚೀಟಿ ಬರೆದಾದ ಮೇಲೆ ಆ ದಾರಿ ಇಲ್ಲ. ಬರೀ "ಚೆನ್ನಾಗಿದೆ" ಅಂತ ಬರೆದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾವ ಹಾಡು, ಅದರಲ್ಲಿ ಯಾವ ಜಾಗ, ಹೇಳಿ ಅನ್ನುತ್ತಾರೆ. ಇಷ್ಟವಾಗದಿದ್ದರೂ ಅಷ್ಟೇ.

ನಾನು ಹೋದ ದಿನ ಆಲ್ಬಂ ಆರಿಸುವ ಸರದಿ ಹುಡುಗರದ್ದು. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ತಂದಿದ್ದರು. ಬ್ಯಾಂಕಿನವರ ಚೀಟಿ ಹೀಗಿತ್ತು: "ಮೊದಲು ನಿದ್ದೆ ಬಂತು. ನಾಲ್ಕನೇ ಹಾಡಿಗೆ ಗಡಿಯಾರಗಳೆಲ್ಲ ಒಟ್ಟಿಗೆ ಬಡಿದಾಗ ಎದ್ದೆ. ಆಮೇಲೆ ಮಲಗಲಿಲ್ಲ." ಹುಡುಗರು ನಕ್ಕರೂ ಅದು ಪ್ರಾಮಾಣಿಕವಾದ ಮಾತು. ಮೇಷ್ಟ್ರಮ್ಮ ಬರೆದದ್ದು ಅದರ ಮುಂದಿನ ಹಾಡಿನ ಬಗ್ಗೆ. ಅದರಲ್ಲಿ ಒಬ್ಬ ಹೆಂಗಸು ಸಾಹಿತ್ಯವೇ ಇಲ್ಲದೆ, ಬರೀ ಕಂಠದಲ್ಲಿ ಹಾಡುತ್ತಾರೆ. "ಇದು ಆಲಾಪನೆ ಅಲ್ಲ, ಯಾಕೆಂದರೆ ರಾಗದ ಚೌಕಟ್ಟು ಇಲ್ಲ. ಅಳುವೂ ಅಲ್ಲ. ಕೂಗಿ ಕೂಗಿ ಕೊನೆಗೆ ದನಿ ಇಳಿಸುವ ಜಾಗದಲ್ಲಿ ನನಗೆ ಮೈ ಜುಂ ಅಂತು. ಈಯಮ್ಮ ಯಾರು?"

ಈಯಮ್ಮನ ಹೆಸರು ಕ್ಲೇರ್ ಟೋರಿ. ಸ್ಟುಡಿಯೋಗೆ ಬಂದು ಹಾಡಿದ್ದಕ್ಕೆ ಅವರಿಗೆ ಸಿಕ್ಕಿದ್ದು 30 ಪೌಂಡ್. ಏನು ಹಾಡಬೇಕು ಅಂತ ಯಾರೂ ಬರೆದು ಕೊಟ್ಟಿರಲಿಲ್ಲ, ಅಲ್ಲೇ ಹುಟ್ಟಿಸಿ ಹಾಡಿದರು. 2004ರಲ್ಲಿ ಕೋರ್ಟಿಗೆ ಹೋದರು. 2005ರಲ್ಲಿ ರಾಜಿಯಾಯಿತು. ಆಮೇಲಿನ ಮುದ್ರಣಗಳಲ್ಲಿ ಆ ಹಾಡು ಕಟ್ಟಿದವರ ಜಾಗದಲ್ಲಿ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಜೊತೆಗೆ ಕ್ಲೇರ್ ಹೆಸರೂ ಬಂತು. ಹುಡುಗನೊಬ್ಬ ಇದನ್ನು ಹೇಳಿದ ಮೇಲೆ ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ನಮ್ಮ ಭಾವಗೀತೆ ಕ್ಯಾಸೆಟ್‌ಗಳಲ್ಲಿ ಕೊಳಲು ನುಡಿಸಿದವರು ಯಾರು, ತಬಲಾ ಯಾರದ್ದು? ಕವರು ತಿರುಗಿಸಿ ನೋಡಿದರೂ ಎಷ್ಟೋ ಸಲ ಹೆಸರು ಇರುವುದಿಲ್ಲ. ಈಗಿನ ಆ್ಯಪ್‌ಗಳಲ್ಲಿ ಇನ್ನೂ ಕಷ್ಟ. ಗಾಯಕರ ಹೆಸರು ಇರುತ್ತದೆ, ಕಂಪನಿಯ ಹೆಸರು ಇರುತ್ತದೆ, ಕವಿಯೇ ನಾಪತ್ತೆ. ಭಾವಗೀತೆಗೆ ಕವಿಯ ಹೆಸರಿಲ್ಲ ಅಂದರೆ ಹೇಗೆ, ನೀವೇ ಹೇಳಿ.

ಅದರ ಹಿಂದಿನ ತಿಂಗಳು ಅವರು 'ನಿತ್ಯೋತ್ಸವ' ಕೇಳಿದ್ದರಂತೆ. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. 1978ರಲ್ಲಿ ಬಂದದ್ದು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದೇ ಹೆಸರು. ಜೋಗದ ಸಿರಿಯ ಹಾಡನ್ನು ಶಾಲೆಯಲ್ಲಿ ಪ್ರತಿ ನವೆಂಬರಿನಲ್ಲೂ ಹಾಡಿ ಹಾಡಿ ಸಾಕಾಗಿತ್ತು, ಅದರ ಅಕ್ಕಪಕ್ಕ ಬೇರೆ ಹಾಡುಗಳಿವೆ ಅಂತಲೇ ಗೊತ್ತಿರಲಿಲ್ಲ ಅಂತ ಒಬ್ಬ ಹುಡುಗಿ ಬರೆದಿದ್ದಳಂತೆ. ಹಿನ್ನೆಲೆ ವಾದ್ಯಗಳು ಹಳೇ ಕಾಲದ್ದು ಅನ್ನಿಸುತ್ತೆ ಅಂತಲೂ ಸೇರಿಸಿದ್ದಳು. ಬ್ಯಾಂಕಿನವರಿಗೆ ಸಿಟ್ಟು ಬಂದು, "ಆಗ ಅದೇ ಹೊಸದು ಕಣಮ್ಮ" ಅಂದರಂತೆ. "ಇರಬಹುದು ಅಂಕಲ್, ಆದರೆ ನಾನು ಕೇಳ್ತಿರೋದು ಈಗ" ಅಂತ ಅವಳು. ಇಬ್ಬರ ಮಾತೂ ಒಂದೇ ಸಮ ಸರಿ ಅಂತ ನನಗೆ ಅನ್ನಿಸಲಿಲ್ಲ. ಹುಡುಗಿಯದ್ದೇ ಜಾಸ್ತಿ ಸರಿ. ಆ ಕಾಲಕ್ಕೆ ಹೊಸದು ಅನ್ನೋದು ಚರಿತ್ರೆ. ಕಿವಿಗೆ ಏನಾಯಿತು ಅಂತ ಕೇಳಿದಾಗ ಚರಿತ್ರೆ ಹೇಳಿ ತಪ್ಪಿಸಿಕೊಳ್ಳಬಾರದು.

ಹಾಡುಗಳನ್ನು ಸಾಲಾಗಿ ಯಾಕೆ ಕೇಳಬೇಕು ಅಂತ ನಾನೂ ಕೇಳಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಲ್ಲಿ ಸಾಲಿನ ಪ್ರಶ್ನೆಯೇ ಇಲ್ಲ. ಅರವತ್ತು ನಿಮಿಷದ ಕ್ಯಾಸೆಟ್ ಬಂದ ಮೇಲೆ ಎ ಸೈಡಿಗೆ ಅರ್ಧ ಗಂಟೆ, ಬಿ ಸೈಡಿಗೆ ಅರ್ಧ ಗಂಟೆ. ಯಾವುದರಿಂದ ಶುರು ಮಾಡಬೇಕು, ತಿರುಗಿಸಿ ಹಾಕುವ ಮೊದಲು ಯಾವುದು ಬರಬೇಕು ಅಂತ ಯಾರೋ ಕೂತು ಯೋಚಿಸಿದ್ದಾರೆ. ಹಾಡುಗಳ ಕ್ರಮವನ್ನು ಕಲಸಿಬಿಡುವ ಫೋನಿನ ಶಫಲ್ ಒತ್ತಿದರೆ ಆ ಯೋಚನೆ ಹೋಯಿತು. 2021ರಲ್ಲಿ ಅಡೆಲ್ ಎಂಬ ಗಾಯಕಿ ಕೇಳಿಕೊಂಡ ಮೇಲೆ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನವರೇ ಆಲ್ಬಂ ಪುಟದಲ್ಲಿ ಪ್ಲೇ ಗುಂಡಿಯಿಂದ ಶಫಲ್ ತೆಗೆದುಹಾಕಿದರು. ಬೇಕಾದವರು ಈಗ ಬೇರೆಯಾಗಿ ಒತ್ತಿಕೊಳ್ಳಬೇಕು.

ಇದೆಲ್ಲ ಹೊಸ ಫ್ಯಾಷನ್ ಅಂತ ಹಿರಿಯರು ಮೂಗು ಮುರಿಯಬಾರದು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತ ಕಚೇರಿ ನಡೆಸಿಕೊಂಡು ಬಂದಿದೆ. ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನಿಂದ ಪಾನಕ ಕುಡಿದು ಹೊರಟವರು ಮನೆ ಮುಟ್ಟುವವರೆಗೂ ತೋಡಿ ರಾಗ ಸಾಕಷ್ಟು ಬೆಳೀತಾ, ಇಲ್ವಾ, ತನಿ (ಮೃದಂಗದವರು ಒಂಟಿಯಾಗಿ ನುಡಿಸುವ ಭಾಗ) ಉದ್ದ ಆಯ್ತಾ ಅಂತ ಜಗಳ ಆಡುತ್ತಿದ್ದರು. ನಮ್ಮಲ್ಲಿ ಎಷ್ಟೋ ಜನ ಅಪ್ಪನ ಜೊತೆ ಆ ಜಗಳದ ಹಿಂದೆ ನಡೆದವರೇ. ಇಲ್ಲಿಗೆ ಬಂದ ಮೇಲೆ ಎಲ್ಲದಕ್ಕೂ ಚಪ್ಪಾಳೆ ತಟ್ಟುವಷ್ಟು ಸಭ್ಯರಾಗಿಬಿಟ್ಟೆವು. ಮಕ್ಕಳು ಹಾಡಿದಾಗ ಸರಿ, ತಟ್ಟೋಣ. ಊರಿಂದ ಟಿಕೆಟ್ ಕೊಟ್ಟು ಕರೆಸಿದ ಗಾಯಕರು ಟ್ರ್ಯಾಕ್ ಹಾಕಿಕೊಂಡು ಹಾಡಿದರೂ ತಟ್ಟಬೇಕಾ?

ಮುಂದಿನ ತಿಂಗಳಿಂದ ನಮ್ಮ ಸಂಘದಲ್ಲೂ ಒಂದು ಕೇಳುವ ಕೂಟ ಶುರು ಮಾಡುತ್ತಿದ್ದೇವೆ. ಲೈಬ್ರರಿಯ ಸಣ್ಣ ಕೋಣೆ ಸಿಕ್ಕಿದೆ. ಕುರ್ಚಿಗಳು ಅವರದ್ದೇ, ಕಾಫಿ ನಮ್ಮದು, ಊಟ ಇಲ್ಲ. ಹದಿಹರೆಯದ ಮಕ್ಕಳನ್ನು ದಯವಿಟ್ಟು ಕರೆತನ್ನಿ. ಅವರು ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಹೇಳಲಿ, ಪಕ್ಕದವರು ಬರೆದುಕೊಳ್ಳುತ್ತಾರೆ. ಚೀಟಿಗಳಲ್ಲಿ ಕೆಲವನ್ನು ಈ ಪತ್ರಿಕೆಯಲ್ಲಿ ಹಾಕುತ್ತೇವೆ. ಬೈದದ್ದನ್ನೂ ಹಾಕುತ್ತೇವೆ. ಜಯನಗರದವರು ಅದೇ ತಿಂಗಳು ಅದೇ ಆಲ್ಬಂ ಕೇಳಿ ತಮ್ಮ ಚೀಟಿಗಳ ಫೋಟೋ ಕಳಿಸಲು ಒಪ್ಪಿದ್ದಾರೆ. ಅವರದ್ದೂ ನಮ್ಮದೂ ಅಕ್ಕಪಕ್ಕ ಅಚ್ಚಾಗುತ್ತವೆ.

ಮೊದಲ ಆಲ್ಬಂ ರಘು ದೀಕ್ಷಿತ್ ಅವರ 2008ರದ್ದು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಶಿಶುನಾಳ ಷರೀಫರ 'ಗುಡುಗುಡಿಯ ಸೇದಿ ನೋಡೋ' ಗಿಟಾರ್ ಹಿಡಿದು ಬರುತ್ತದೆ. ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಷರೀಫರನ್ನು ಕೇಳಿ ಬೆಳೆದವರು ನಮ್ಮಲ್ಲಿ ತುಂಬ ಇದ್ದಾರೆ. ಅದಕ್ಕೇ ಇದನ್ನು ಆರಿಸಿದ್ದು. ನಮ್ಮ ಖಜಾಂಚಿಯವರು "ಅದನ್ನು ಕೇಳೋಕೆ ನಾನು ಬರಲ್ಲ" ಅಂತ ಈಗಾಗಲೇ ಹೇಳಿದ್ದಾರೆ. ಅವರಿಗೆ ಒಂದು ಚೀಟಿ, ಒಂದು ಪೆನ್ನು ತೆಗೆದಿಟ್ಟಿದ್ದೇವೆ.