ಇಲ್ಲದ ಕೆಲಸಕ್ಕೆ ಅರ್ಜಿ ಹಾಕಿಸುವುದನ್ನು ನಿಲ್ಲಿಸಿ: ಕೌಶಲಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೌಶಲಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಸಚಿವರು,
ಕರ್ನಾಟಕ ಸರ್ಕಾರ

ಮಾನ್ಯರೇ,

ರಾಜ್ಯದ ನಿರುದ್ಯೋಗ ಭತ್ಯೆಯಾದ ಯುವನಿಧಿ ಪಡೆಯುವವರು ನಿಗದಿತ ಅವಧಿಗೊಮ್ಮೆ ಸೇವಾಸಿಂಧು ಪೋರ್ಟಲ್‌ಗೆ ಹೋಗಿ ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಓದು ಮುಂದುವರಿಸಿಲ್ಲ, ಸ್ವಂತ ಉದ್ಯೋಗವೂ ಇಲ್ಲ’ ಎಂದು ಸ್ವಯಂ ಘೋಷಣೆ ಕೊಡಬೇಕು. ಕೊಡದಿದ್ದರೆ ತಿಂಗಳಿಗೆ ಬರುವ ಪದವೀಧರರ 3,000 ರೂಪಾಯಿ, ಡಿಪ್ಲೊಮಾದವರ 1,500 ರೂಪಾಯಿ ನಿಂತುಹೋಗುತ್ತದೆ. ಸಾರ್ವಜನಿಕ ಹಣ, ಕೇಳಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಹೀಗೆ ಘೋಷಣೆ ಕೊಡುವ ಹುಡುಗಿ ಅರ್ಜಿ ಹಾಕಿದ ಕಂಪನಿಯನ್ನು ‘ನೀವು ಜಾಹೀರಾತು ಕೊಟ್ಟ ಹುದ್ದೆ ನಿಜಕ್ಕೂ ಇದೆಯೇ? ಇನ್ನೂ ಖಾಲಿ ಇದೆಯೇ?’ ಎಂದು ಯಾರೂ ಕೇಳುವುದಿಲ್ಲ. ಕೆಲಸ ಇಲ್ಲ ಎನ್ನುವವರು ಘೋಷಣೆ ಬರೆದುಕೊಡಬೇಕು, ಕೆಲಸ ಇದೆ ಎನ್ನುವವರು ಏನೂ ಬರೆದುಕೊಡಬೇಕಿಲ್ಲ. ಈ ಪತ್ರದ ವಿಷಯ ಇಷ್ಟೇ.

ನೇಮಕಾತಿಯ ಒಳಗುಟ್ಟು ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ: ಉದ್ಯೋಗ ಪೋರ್ಟಲ್‌ಗಳಲ್ಲಿ ಕಾಣುವ ಜಾಹೀರಾತುಗಳೆಲ್ಲ ಹುದ್ದೆಗಳಲ್ಲ. ಐಟಿ ಸೇವಾ ಕಂಪನಿಗಳು ಹೊಸ ಪ್ರಾಜೆಕ್ಟ್‌ಗೆ ಬಿಡ್ ಹಾಕುವಾಗ ‘ನಮ್ಮಲ್ಲಿ ಇಷ್ಟು ಜನ ಸಿದ್ಧರಿದ್ದಾರೆ’ ಎಂದು ಗ್ರಾಹಕರಿಗೆ ತೋರಿಸಲು ರೆಸ್ಯೂಮೆ ಸಂಗ್ರಹಿಸುತ್ತವೆ. ಸಂದರ್ಶನವನ್ನೂ ನಡೆಸುತ್ತವೆ. ಬಿಡ್ ಕೈತಪ್ಪಿದರೆ ಆ ಹುದ್ದೆ ಹುಟ್ಟುವುದೇ ಇಲ್ಲ, ಅಭ್ಯರ್ಥಿಗೆ ಮಾತ್ರ ‘ಪ್ರಕ್ರಿಯೆಯಲ್ಲಿದೆ’ ಎಂಬ ಉತ್ತರ ಬರುತ್ತಲೇ ಇರುತ್ತದೆ. ಒಳಗಿನವರಿಗೇ ಬಡ್ತಿ ಎಂದು ತೀರ್ಮಾನವಾಗಿದ್ದರೂ ಕಂಪನಿಯ ನಿಯಮಕ್ಕೋಸ್ಕರ ಹೊರಗೆ ಜಾಹೀರಾತು ಕೊಡುವುದುಂಟು. ನೇಮಕಾತಿ ಸ್ಥಗಿತವಾದ ಮೇಲೂ ಜಾಹೀರಾತು ತೆಗೆಯದೆ ಬಿಟ್ಟು, ಕಂಪನಿ ಬೆಳೆಯುತ್ತಿದೆ ಎಂಬ ಭಾವನೆ ಉಳಿಸಿಕೊಳ್ಳುವುದೂ ಉಂಟು.

ಇದಕ್ಕೆ ಕನ್ಸಲ್ಟೆನ್ಸಿಗಳ ಪಾಲು ಸೇರಿದರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ಒಂದು ಕಂಪನಿ ಒಂದೇ ಹುದ್ದೆಯನ್ನು ಐದಾರು ಏಜೆನ್ಸಿಗಳಿಗೆ ಕೊಡುತ್ತದೆ. ಪ್ರತಿ ಏಜೆನ್ಸಿಯೂ ಕಂಪನಿಯ ಹೆಸರು ಮರೆಸಿ, ‘ಪ್ರತಿಷ್ಠಿತ ಎಂಎನ್‌ಸಿಗೆ ತುರ್ತಾಗಿ ಬೇಕಾಗಿದ್ದಾರೆ’ ಎಂದು ತನ್ನದೇ ಜಾಹೀರಾತು ಹಾಕುತ್ತದೆ. ಕೆಲವು ದಿನಕ್ಕೊಮ್ಮೆ ಅದನ್ನು ‘ರಿಫ್ರೆಶ್’ ಮಾಡಿದರೆ ಹಳೆಯದೂ ಇಂದಿನ ದಿನಾಂಕದಲ್ಲಿ ಮೇಲಕ್ಕೆ ಬರುತ್ತದೆ. ಅಭ್ಯರ್ಥಿ ಆರು ಕಡೆ ಅರ್ಜಿ ಹಾಕಿದೆ ಎಂದುಕೊಂಡಿರುತ್ತಾನೆ, ಹಾಕಿದ್ದು ಒಂದೇ ಕುರ್ಚಿಗೆ. ಇದರಿಂದ ಅಪಾಯವೂ ಇದೆ: ಒಬ್ಬರದೇ ರೆಸ್ಯೂಮೆ ಎರಡು ಏಜೆನ್ಸಿಗಳಿಂದ ಹೋದರೆ ಕಮಿಷನ್ ಜಗಳ ಬೇಡವೆಂದು ಕಂಪನಿಗಳು ಆ ಅಭ್ಯರ್ಥಿಯನ್ನೇ ಕೈಬಿಡುತ್ತವೆ. ಎರಡು ಜಾಹೀರಾತುಗಳ ವಿವರಣೆಯ ಸಾಲುಗಳು ಅಕ್ಷರಶಃ ಒಂದೇ ಆಗಿದ್ದು ಕಂಪನಿಯ ಹೆಸರು ಇಲ್ಲದಿದ್ದರೆ ಅರ್ಜಿಗೆ ಮೊದಲು ಏಜೆನ್ಸಿಯಿಂದ ಕಂಪನಿಯ ಹೆಸರನ್ನು ಲಿಖಿತವಾಗಿ ಕೇಳಬೇಕು. ಇದನ್ನು ಕಾಲೇಜಿನ ಪ್ಲೇಸ್‌ಮೆಂಟ್ ಕೋಶಗಳು ಹೇಳಿಕೊಡುವುದು ಅಪರೂಪ.

ಉತ್ತರ ಬಾರದ ಅಭ್ಯರ್ಥಿ ಏನು ಮಾಡಬೇಕು? ಕಂಡದ್ದಕ್ಕೆಲ್ಲ ಅರ್ಜಿ ಹಾಕುತ್ತಾನೆ. ಒಂದೇ ಗುಂಡಿ ಒತ್ತಿದರೆ ಅರ್ಜಿ ಹೋಗುವ ಸೌಲಭ್ಯವೂ ಇದೆ. ಅರ್ಜಿಗಳ ರಾಶಿ ಬೀಳುತ್ತಿದ್ದಂತೆ ಕಂಪನಿಗಳು ಜರಡಿಯ ಕಣ್ಣು ಸಣ್ಣದು ಮಾಡುತ್ತವೆ. ‘2025ರಲ್ಲಿ ಪಾಸಾದವರು ಮಾತ್ರ’, ‘ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ 60’, ‘ಓದಿನ ನಡುವೆ ಅಂತರ ಇರಬಾರದು’, ‘ಫ್ರೆಶರ್, ಆದರೆ 1 ವರ್ಷದ ಅನುಭವ’. ಇವು ಕೆಲಸಕ್ಕೆ ಬೇಕಾದ ಅರ್ಹತೆಗಳಲ್ಲ, ರಾಶಿ ಕರಗಿಸುವ ಉಪಾಯಗಳು. ಇನ್ನು ತಂತ್ರಾಂಶದ ಜರಡಿ ಬೇರೆ. ಎರಡು ಕಾಲಂ, ಟೇಬಲ್, ಚಿತ್ರರೂಪದ ಪಿಡಿಎಫ್, ಹೆಡರ್‌ನಲ್ಲಿ ಬರೆದ ಫೋನ್ ನಂಬರ್ ಇವನ್ನು ಎಷ್ಟೋ ತಂತ್ರಾಂಶಗಳು ಸರಿಯಾಗಿ ಓದುವುದಿಲ್ಲ. ಮಾಹಿತಿ ಇದ್ದರೂ ಆ ಕಡೆ ಖಾಲಿ ಕಾಣುತ್ತದೆ. ತಿರಸ್ಕರಿಸಿದ್ದು ಮನುಷ್ಯನೋ ಯಂತ್ರವೋ ಎಂದು ತಿಳಿಯುವ ದಾರಿ ಅಭ್ಯರ್ಥಿಗಿಲ್ಲ.

ಪಾಸಾದ ವರ್ಷದ ಜರಡಿಯನ್ನು ತಮ್ಮ ಯೋಜನೆಯ ಪಕ್ಕದಲ್ಲಿಟ್ಟು ನೋಡಿ. ಫಲಿತಾಂಶ ಬಂದು 180 ದಿನ ಕೆಲಸವಿಲ್ಲದೆ ಕಳೆದ ಮೇಲೆ ಯುವನಿಧಿಗೆ ಅರ್ಹತೆ ಬರುತ್ತದೆ. ಅಷ್ಟರೊಳಗೆ ಮುಂದಿನ ಬ್ಯಾಚಿನ ಕ್ಯಾಂಪಸ್ ನೇಮಕಾತಿ ಆರಂಭವಾಗಿರುತ್ತದೆ. ಗರಿಷ್ಠ ಎರಡು ವರ್ಷ ಭತ್ಯೆ ಪಡೆದು ಮುಗಿಸಿದವರು ‘ಈ ವರ್ಷ ಪಾಸಾದವರು ಮಾತ್ರ’ ಎನ್ನುವ ಎಲ್ಲ ಬಾಗಿಲಿನಿಂದಲೂ ಹೊರಗಿರುತ್ತಾರೆ. ಸರ್ಕಾರ ಕೊಟ್ಟ ಆಸರೆಯ ಅವಧಿಯೇ ಮಾರುಕಟ್ಟೆಯ ಕಣ್ಣಿಗೆ ‘ಗ್ಯಾಪ್’.

ಇನ್ನು ಕಾಯ್ದೆಯ ಮಾತು. ಖಾಲಿ ಹುದ್ದೆಯನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬುದು ಹೊಸ ಬೇಡಿಕೆಯಲ್ಲ. ಉದ್ಯೋಗ ವಿನಿಮಯ ಕೇಂದ್ರಗಳಿಗೆ ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ತಿಳಿಸುವ ಕಾಯ್ದೆ 1959ರಲ್ಲೇ ಬಂತು. 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳೂ ಅದರಡಿ ಬರುತ್ತಿದ್ದವು. ಪ್ರತಿ ತ್ರೈಮಾಸಿಕ ಮುಗಿದ 30 ದಿನದೊಳಗೆ ‘ಇಆರ್-1’ ನಮೂನೆ ಸಲ್ಲಿಸಬೇಕಿತ್ತು. ಆ ನಮೂನೆ ಎಷ್ಟು ಚೆನ್ನಾಗಿತ್ತೆಂದರೆ, ಎಷ್ಟು ಹುದ್ದೆ ಖಾಲಿಯಾದವು, ಎಷ್ಟನ್ನು ತಿಳಿಸಲಾಯಿತು, ಎಷ್ಟು ತುಂಬಿದವು, ಎಲ್ಲಿಂದ ತುಂಬಿಕೊಂಡಿರಿ, ತಕ್ಕವರು ಸಿಗದೆ ಉಳಿದ ಹುದ್ದೆ ಯಾವುವು ಎಂದೆಲ್ಲ ಕೇಳುತ್ತಿತ್ತು. ಇಂದು ನಾವು ಬಯಸುವ ಮಾಹಿತಿಯೆಲ್ಲ ಅದರಲ್ಲೇ ಇದೆ. ಕೈಕೊಟ್ಟದ್ದು ದಂಡ: ಹುದ್ದೆ ತಿಳಿಸದಿದ್ದರೆ ಮೊದಲ ಸಲ ಹೆಚ್ಚೆಂದರೆ 500 ರೂಪಾಯಿ, ಮತ್ತೆ ತಪ್ಪಿದರೆ 1,000 ರೂಪಾಯಿ. ಆ ಮೊತ್ತಕ್ಕೆ ಹೆದರುವ ಕಂಪನಿ ಇಲ್ಲ. ತಿಳಿಸಿದ ಮೇಲೂ ವಿನಿಮಯ ಕೇಂದ್ರದ ಮೂಲಕವೇ ನೇಮಿಸಬೇಕೆಂದಿರಲಿಲ್ಲ. ಹಾಗಾಗಿ ತಿಳಿಸುವುದರಿಂದ ಲಾಭವಿಲ್ಲ, ತಿಳಿಸದಿದ್ದರೆ ನಷ್ಟವಿಲ್ಲ ಎಂಬಂತಾಯಿತು.

ಈಗ ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ವಿನಿಮಯ ಕೇಂದ್ರ ಎನ್ನುವ ಕಡೆ ‘ಕೆರಿಯರ್ ಸೆಂಟರ್’ ಎಂದಾಗಿದೆ. ಹುದ್ದೆ ತುಂಬುವ ಮೊದಲು ತಿಳಿಸುವ ಹೊಣೆ ಉಳಿದಿದೆ. ಬರಿಯ ಬೋರ್ಡು ಬದಲಿಸಿ ಬಿಟ್ಟರೆ ಇಆರ್-1ಕ್ಕಾದ ಗತಿಯೇ ಇದಕ್ಕೂ. ಉದ್ಯೋಗ ಮತ್ತು ನಿರುದ್ಯೋಗ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ರಾಜ್ಯಕ್ಕೆ ಇಲ್ಲಿ ಕೈಕಟ್ಟಿಲ್ಲ.

ಬೇರೆಡೆ ಏನಾಗಿದೆ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಜಾಹೀರಾತಿನಲ್ಲಿ ಹುದ್ದೆ ಸದ್ಯ ಖಾಲಿ ಇದೆಯೋ ಇಲ್ಲವೋ ಎಂದು ಬರೆಯಬೇಕು. ಅರ್ಜಿ ಜಾಲಿಸಲು ಕೃತಕ ಬುದ್ಧಿಮತ್ತೆ ಬಳಸಿದರೆ ಅದನ್ನೂ ಹೇಳಬೇಕು. ಸಂದರ್ಶನ ಮಾಡಿದವರಿಗೆ, ಹುದ್ದೆಯ ಬಗ್ಗೆ ತೀರ್ಮಾನವಾಗಿದೆಯೇ ಎಂಬುದನ್ನು 45 ದಿನದೊಳಗೆ ತಿಳಿಸಬೇಕು. ಐರೋಪ್ಯ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನದಂತೆ ಹಿಂದಿನ ಸಂಬಳ ಎಷ್ಟೆಂದು ಅಭ್ಯರ್ಥಿಯನ್ನು ಕೇಳುವಂತಿಲ್ಲ, ಕೊಡುವ ಸಂಬಳವನ್ನು ಮೊದಲೇ ತಿಳಿಸಬೇಕು. ನಮ್ಮಲ್ಲಿ ಅರ್ಜಿಯ ಮೊದಲ ಪ್ರಶ್ನೆಯೇ ‘ಈಗಿನ ಸಿಟಿಸಿ (ವಾರ್ಷಿಕ ಒಟ್ಟು ಸಂಬಳ) ಎಷ್ಟು?’. ಒಮ್ಮೆ ಕಡಿಮೆ ಸಂಬಳಕ್ಕೆ ಸೇರಿದವರು ಮುಂದಿನ ಕಂಪನಿಯಲ್ಲೂ ಅದರ ಮೇಲೆ ಶೇಕಡಾವಾರು ಏರಿಕೆಗಷ್ಟೇ ಸಿಕ್ಕಿಬೀಳುತ್ತಾರೆ.

ಕರ್ನಾಟಕಕ್ಕೆ ಇದು ದೂರದ ಮಾತೇನಲ್ಲ. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ತಂದ ಕಾನೂನಿನಲ್ಲಿ, ಆ್ಯಪ್‌ನ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಿರ್ಧರಿಸುತ್ತದೆ ಎಂಬ ಪಾರದರ್ಶಕತೆಗೆ ಇದೇ ರಾಜ್ಯ ಒತ್ತು ಕೊಟ್ಟಿದೆ. ಕೆಲಸದಲ್ಲಿರುವವರಿಗೆ ಸಲ್ಲುವುದು ಕೆಲಸ ಹುಡುಕುವವರಿಗೂ ಸಲ್ಲಲಿ. ಖಾಸಗಿ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಮೀಸಲು ಎಂಬ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿ, ಕೆಲವೇ ದಿನದಲ್ಲಿ ತಡೆಹಿಡಿಯಿತು. ಆ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಒಟ್ಟು ಎಷ್ಟು ಹುದ್ದೆಗಳಲ್ಲಿ ಶೇ 70 ಎಂಬ ಲೆಕ್ಕವೇ ಯಾರ ಬಳಿಯೂ ಇರಲಿಲ್ಲ ಎಂಬುದನ್ನಷ್ಟೇ ನೆನಪಿಸುತ್ತೇವೆ.

ಉದ್ಯೋಗ ಮೇಳಗಳ ಲೆಕ್ಕವೂ ಹೀಗೆಯೇ. ಎಷ್ಟು ಕಂಪನಿ ಬಂದವು, ಎಷ್ಟು ಮಂದಿ ನೋಂದಾಯಿಸಿದರು, ಎಷ್ಟು ಜನ ‘ಶಾರ್ಟ್‌ಲಿಸ್ಟ್’ ಆದರು ಎಂಬುದು ಸಂಜೆಯೇ ಪತ್ರಿಕಾ ಪ್ರಕಟಣೆಯಾಗುತ್ತದೆ. ಅವರಲ್ಲಿ ಕೆಲಸಕ್ಕೆ ಸೇರಿದವರೆಷ್ಟು, 90 ದಿನದ ಮೇಲೂ ಉಳಿದವರೆಷ್ಟು ಎಂಬುದು ಪ್ರಕಟಣೆಗೆ ಬರುವುದು ಅಪರೂಪ. ಕಮಿಷನ್ ಮೇಲೆ ಪಾಲಿಸಿ ಮಾರುವ ಕೆಲಸ, ಥರ್ಡ್ ಪಾರ್ಟಿ ಪೇರೋಲ್‌ನ (ಸಂಬಳ ಕೊಡುವುದು ಬೇರೊಂದು ಏಜೆನ್ಸಿ) ಮೂರು ತಿಂಗಳ ಕೆಲಸ, ಕಾಯಂ ಹುದ್ದೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲಾಗುತ್ತದೆ. ಪಿಎಫ್ ವಂತಿಗೆ ಜಮೆಯಾಗಿದೆಯೇ ಎಂದು ಅಭ್ಯರ್ಥಿಯ ಒಪ್ಪಿಗೆ ಪಡೆದು ನೋಡಿದರೆ ಹಲವರ ಸತ್ಯ ಹೊರಬರುತ್ತದೆ.

ನಿಜವಾದ ಹುದ್ದೆ ಯಾವುದೆಂದು ನೋಡಲು ಅಧಿಕೃತ ಪಟ್ಟಿ ಇಲ್ಲದಿರುವುದು ಮೋಸಗಾರರಿಗೆ ಅನುಕೂಲ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ‘ತರಬೇತಿ ಶುಲ್ಕ, ಮೊದಲ ಸಂಬಳದಲ್ಲಿ ವಾಪಸ್’ ಹೀಗೆ ದಾರಿಗಳು ಹಲವು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ಖಾತೆಯಲ್ಲಿ ಉಳಿದದ್ದನ್ನು ತಡೆಹಿಡಿಸುವ ಅವಕಾಶವಿರುತ್ತದೆ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ. ಹೊರದೇಶಕ್ಕೆ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಇಲ್ಲಿಯೇ ಕೆಲಸ ಕೊಡಿಸುತ್ತೇವೆನ್ನುವವರಿಗೂ ಅಂಥದೊಂದು ಕಟ್ಟು ಬೇಕು, ಅಭ್ಯರ್ಥಿಯಿಂದ ಪಡೆಯುವ ಶುಲ್ಕದ ಮಿತಿ ಸೊನ್ನೆಯಾಗಿರಬೇಕು.

ನಮ್ಮ ಕೋರಿಕೆ ಹೀಗಿದೆ. ಸಂಹಿತೆಯಡಿ ತಿಳಿಸಿದ ಪ್ರತಿ ಹುದ್ದೆಗೂ ಒಂದು ಸಂಖ್ಯೆ ಕೊಡಿ. ಪೋರ್ಟಲ್ಲಾಗಲಿ ಏಜೆನ್ಸಿಯಾಗಲಿ, ಆ ಸಂಖ್ಯೆ ಇಲ್ಲದೆ ಜಾಹೀರಾತು ಹಾಕುವಂತಿರಬಾರದು. ಆಗ ಆರು ಜಾಹೀರಾತಿನ ಹಿಂದೆ ಒಂದೇ ಹುದ್ದೆ ಇದ್ದರೆ ಕಣ್ಣಿಗೆ ಬೀಳುತ್ತದೆ. ಹುದ್ದೆ ಇನ್ನೂ ಖಾಲಿ ಎಂದು ಉದ್ಯೋಗದಾತರು 30 ದಿನಕ್ಕೊಮ್ಮೆ ಘೋಷಿಸಲಿ, ಘೋಷಿಸದಿದ್ದರೆ ಜಾಹೀರಾತು ತಾನಾಗಿ ಅಳಿಯಲಿ. ದಂಡದ ಗೋಜಿಗಿಂತ ಇದು ಸುಲಭ, ಯುವನಿಧಿಗೆ ಈಗಾಗಲೇ ಇರುವ ತಂತ್ರಾಂಶದ ತರ್ಕವೇ ಸಾಕು. ಸಂಬಳದ ವ್ಯಾಪ್ತಿ, ಯಾರ ಪೇರೋಲ್, ಜರಡಿ ಹಿಡಿಯುವುದು ಯಂತ್ರವೇ ಎಂಬ ಮೂರು ಸಾಲು ಕಡ್ಡಾಯವಾಗಲಿ. ಸಂದರ್ಶನಕ್ಕೆ ಕರೆದವರಿಗೆ ಹೌದೋ ಅಲ್ಲವೋ ಎಂಬ ಉತ್ತರ 45 ದಿನದೊಳಗೆ ಹೋಗಲಿ.

ಇದನ್ನು ರಾಜ್ಯದ ಉದ್ಯೋಗ ಪೋರ್ಟಲ್ ಆದ ಸ್ಕಿಲ್ ಕನೆಕ್ಟ್‌ನಿಂದಲೇ ಆರಂಭಿಸಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ತಮ್ಮ ಇಲಾಖೆಯ ಒಂದು ಸುತ್ತೋಲೆ ಸಾಕು. ಇಲಾಖೆಯ ಮೇಳಕ್ಕೆ ಬರುವ ಕಂಪನಿಗಳಿಗೂ ಇದೇ ಷರತ್ತು ಹಾಕಿ, 90ನೇ ದಿನದ ಲೆಕ್ಕವನ್ನು ಮೇಳದ ಮೊದಲ ದಿನದ ಲೆಕ್ಕದ ಪಕ್ಕದಲ್ಲೇ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಉದ್ಯೋಗಾಕಾಂಕ್ಷಿಗಳಿಗೆ ಅರ್ಜಿ ಮತ್ತು ದಾಖಲೆಗಳ ಮಾರ್ಗದರ್ಶನ ಮಾಡುವ ಕೆಲವರು